ಏನು ಓದಬೇಕ್ರಿ ಎಂದು ಕೇಳಿದ ಹುಡುಗಿ

ಎರಡೂವರೆ ವರ್ಷ ನಾನು ರಾಯಚೂರಿನ ಒಂದು ಕೇಬಲ್ ವಾಹಿನಿಯಲ್ಲಿ ಹವಾಮಾನ ಓದುತ್ತಿದ್ದೆ. ಈಗ ಆ ವಾಹಿನಿ ಇಲ್ಲ. ನಾನು ಮಾನ್ವಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಆದರೂ ಸಂತೆಯಲ್ಲಿ ಬದನೆಕಾಯಿ ತೂಗುವ ಹೆಣ್ಣುಮಗಳು ಒಮ್ಮೊಮ್ಮೆ ತಕ್ಕಡಿ ಹಿಡಿದೇ ಮುಖ ನೋಡಿ, "ನೀವು ಟಿವಿಯಾಗ ಮಳಿ ಹೇಳ್ತಿದ್ದವರಲ್ರೀ?" ಅನ್ನುತ್ತಾಳೆ. ಹೌದು ಅಂದು ಚೀಲ ಎತ್ತಿಕೊಂಡು ಹೊರಡುತ್ತೇನೆ. ನಿಂತರೆ ಇನ್ನೊಂದು ಪ್ರಶ್ನೆ ಬರುತ್ತದೆ, ಅದಕ್ಕೆ ಏನು ಓದಿದ್ದಿರಿ ಅಂತ.

ಓದಿದ್ದು ಬಿ.ಎ. ಅದಕ್ಕೂ ಮೊದಲು ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡು ಭೌತಶಾಸ್ತ್ರದಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದೆ. ಅವ್ವ ಮಟಮಾರಿ ಕಡೆಯ ಹೊಲಗಳಲ್ಲಿ ಹತ್ತಿ ಬಿಡಿಸಿ ನನ್ನನ್ನು ಓದಿಸಿದವಳು. ಎರಡನೇ ಸಲ ಫೇಲಾದ ದಿನ ಅವಳು ಬೈಯಲಿಲ್ಲ. "ಹೋಗ್ಲಿ ಬಿಡವ್ವಾ, ಬ್ಯಾರೆ ಏನರ ಓದು," ಅಂದು ರೊಟ್ಟಿ ಬಡಿಯಲು ಕೂತಳು. ನಾಲ್ಕು ಬೈದಿದ್ದರೆ ಅತ್ತು ಮುಗಿಸುತ್ತಿದ್ದೆ. ಬೈಯದೇ ಹೋದದ್ದಕ್ಕೆ ಆ ನಾಚಿಕೆ ಒಳಗೇ ಉಳಿಯಿತು. ಅಂದಿನಿಂದ ವಿಜ್ಞಾನ ಓದಿದವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಿತ್ತು ನನ್ನ ಕಥೆ.

ವಾಹಿನಿಯವರು ಅಂಕಪಟ್ಟಿ ಕೇಳಲೇ ಇಲ್ಲ. ಒಂದು ಪುಟ ಓದಿಸಿದರು, ಎಡಕ್ಕೂ ಬಲಕ್ಕೂ ತಿರುಗಿಸಿ ನಿಲ್ಲಿಸಿ ನೋಡಿದರು, ನಾಳೆಯಿಂದ ಬಾ ಅಂದರು. ಗಂಜ್ ಮಾರುಕಟ್ಟೆಯ ಹತ್ತಿರ ಮೂರನೇ ಮಹಡಿಯ ಒಂದು ಕೋಣೆ. ನೋಡುವವರಿಗೆ ನನ್ನ ಬೆನ್ನ ಹಿಂದೆ ಜಿಲ್ಲೆಯ ನಕ್ಷೆ ಕಾಣುತ್ತಿತ್ತು, ಅಲ್ಲಿ ನಿಜವಾಗಿ ಇದ್ದದ್ದು ಬರೀ ಹಸಿರು ಬಟ್ಟೆ. ನಕ್ಷೆ ಪಕ್ಕದ ಟಿವಿಯಲ್ಲಿ ಬರುತ್ತಿತ್ತು. ಅದನ್ನು ಓರೆಗಣ್ಣಿನಲ್ಲಿ ನೋಡುತ್ತ ಖಾಲಿ ಬಟ್ಟೆಗೆ ಕೈ ತೋರಿಸಬೇಕು. ಮೊದಲ ವಾರವೆಲ್ಲ ದೇವದುರ್ಗ ಅಂದಾಗ ನನ್ನ ಕೈ ಸಿಂಧನೂರಿನ ಮೇಲಿರುತ್ತಿತ್ತು. ಕ್ಯಾಮೆರಾ ಹಿಡಿಯುವ ಹುಡುಗ ಮನೆಯಲ್ಲಿ ದಖನಿ ಆಡುವವನು. "ಆಪಾ, ಹಾತ್ ಜರಾ ಊಪರ್," ಅಕ್ಕಾ, ಕೈ ತುಸು ಮೇಲೆ, ಅನ್ನುತ್ತ ಅನ್ನುತ್ತ ಊರುಗಳನ್ನು ಅವುಗಳ ಜಾಗಕ್ಕೆ ತಂದುಕೊಟ್ಟ.

ಮುನ್ಸೂಚನೆ ಬಲ್ಲವರಿಂದ ಬರೆದೇ ಬರುತ್ತಿತ್ತು, ನನ್ನದು ಓದುವ ಕೆಲಸ ಮಾತ್ರ. ಒಂದು ದಿನ ಹಾಳೆಯಲ್ಲಿ 'ವಾಯುಭಾರ ಕುಸಿತ' ಎಂದಿತ್ತು. ಸುದ್ದಿ ನೋಡಿಕೊಳ್ಳುವ ಸಾಹೇಬರ ಹತ್ತಿರ ಹೋಗಿ, "ಹಂಗಂದ್ರ ಏನ್ರೀ ಸರ್?" ಎಂದು ಕೇಳಿದೆ. ಅವರು ಚಹಾದ ಕಪ್ಪಿನಿಂದ ತಲೆ ಎತ್ತದೆ, "ಅದು ಕುಸೀತದವಾ, ನೀ ಓದು," ಅಂದರು. ಓದಿದೆ. ಮರುದಿನ ನಮ್ಮ ಓಣಿಯ ಹೆಣ್ಣುಮಕ್ಕಳು ಬಾಗಿಲಿಗೆ ಬಂದು, "ಯವ್ವಾ, ನಾಳಿ ಹತ್ತಿ ಬಿಡಸಾಕ ಹೋಗೂದೋ ಬ್ಯಾಡೋ?" ಎಂದು ನನ್ನನ್ನೇ ಕೇಳಿದರು. ಹೋಗಬೇಡಿ ಅಂದೆ. ಮಳೆ ಬಂತು. ನಮ್ಮ ಅವ್ವನಿಗೆ ಆ ದಿನ ನೆಲದ ಮೇಲೆ ಕಾಲು ನಿಲ್ಲಲಿಲ್ಲ, ನನಗೂ ಅಷ್ಟೆ.

ಹೀಗೆ ಊರೂರಲ್ಲಿ ನನ್ನ ಮುಖ ಗುರುತಾಯಿತು. ಎರಡನೇ ವರ್ಷ ದೇವದುರ್ಗದ ಒಂದು ಶಾಲೆಯವರು ವಿಜ್ಞಾನದ ಕಾರ್ಯಕ್ರಮಕ್ಕೆ ನನ್ನನ್ನು ಅತಿಥಿಯಾಗಿ ಕರೆದರು. ಬಸ್ಸಿನಲ್ಲಿ ಹೋದೆ. ಮುಖ್ಯೋಪಾಧ್ಯಾಯರು ಶಾಲು ಹೊದಿಸಿ, ಮೈಕಿನಲ್ಲಿ ನನ್ನನ್ನು 'ನಾಡಿನ ಹೆಸರಾಂತ ಹವಾಮಾನ ತಜ್ಞೆ' ಅಂದುಬಿಟ್ಟರು. ಅಲ್ಲಿಯೇ ಎದ್ದು, ಸರ್, ನಾನು ಬರೀ ಓದುವವಳು ಅನ್ನಬೇಕಿತ್ತು. ಎರಡೇ ಮಾತು. ಅನ್ನಲಿಲ್ಲ. ಶಾಲು ಸರಿಮಾಡಿಕೊಂಡು ಕೈಮುಗಿದೆ.

ಹತ್ತನೇ ತರಗತಿಯ ಒಬ್ಬ ಹುಡುಗಿ ಎದ್ದು ನಿಂತಳು. ಎರಡು ಜಡೆ, ಕೈಯಲ್ಲಿ ಒಂದು ನೋಟುಬುಕ್ಕು. ಶಾಲೆಯ ಅಂಗಳದಲ್ಲಿ ಡಬ್ಬಿ ಇಟ್ಟು, ಬಿದ್ದ ಮಳೆಯನ್ನು ಸ್ಕೇಲಿನಿಂದ ಅಳೆದು ದಿನವೂ ಬರೆದಿಡುತ್ತಾಳೆ ಎಂದು ಅವಳ ವಿಜ್ಞಾನ ಮೇಷ್ಟ್ರು ಹೆಮ್ಮೆಯಿಂದ ಹೇಳಿದರು. ಗಣಿತದಲ್ಲಿ ಶಾಲೆಗೇ ಮೊದಲು ಎಂದೂ ಹೇಳಿದರು. ಹುಡುಗಿ ಕೇಳಿದಳು: "ಮೇಡಂ, ನಿಮ್ಮಂಗ ಹವಾಮಾನದ ಕೆಲ್ಸಕ್ಕ ಹೋಗಬೇಕಂದ್ರ ಏನ್ ಓದಬೇಕ್ರಿ? ನಮ್ಮ ಸರ್ ಫಿಜಿಕ್ಸು, ಗಣಿತ ಅಂತಾರ."

ಮೇಷ್ಟ್ರು ನನ್ನ ಕಡೆ ನೋಡಿ ನಕ್ಕರು. ಹೌದು ಅನ್ನುತ್ತಾಳೆ ಎಂದು ಕಾಯುವ ನಗು ಅದು. ಹೌದು ಅಂದರೆ ಅವರ ಮುಂದಿನ ಮಾತು, ಮೇಡಂ ನೀವೆಲ್ಲಿ ಓದಿದಿರಿ, ಎಷ್ಟು ಬಂದಿತ್ತು ಎಂದೇ ಬರುತ್ತದೆ. ತುಂಬಿದ ಸಭೆಯಲ್ಲಿ ಎರಡು ಸಲ ಡುಮ್ಕಿ ಹೊಡೆದದ್ದು ಹೊರಬೀಳುತ್ತದೆ. ಬಾಯಿಗೆ ಬಂದದ್ದನ್ನು ಆಡಿದೆ. "ಫಿಜಿಕ್ಸೂ ಬ್ಯಾಡ, ಗಿಜಿಕ್ಸೂ ಬ್ಯಾಡವ್ವಾ. ಅದೆಲ್ಲ ತಲಿನೋವು. ಆರ್ಟ್ಸ್ ತಗೊಂಡು ಕನ್ನಡ ಚೆಂದಂಗ ಕಲಿ. ಬಾಯಿ ಇದ್ದಾಕಿ ಬರಗಾಲದಾಗೂ ಬದುಕ್ತಾಳ."

ಸಭೆಯೆಲ್ಲ ಗೊಳ್ಳೆಂದು ನಕ್ಕಿತು, ಚಪ್ಪಾಳೆಯೂ ಬಿತ್ತು. ಮೇಷ್ಟ್ರು ಮಾತ್ರ ತಲೆ ಬಗ್ಗಿಸಿ ಚಾಪೆಯ ಅಂಚನ್ನು ಕಾಲಿನಿಂದ ಸರಿಮಾಡುತ್ತಿದ್ದರು. ಶಾಲು ಹೊದಿಸಿ ಕೂರಿಸಿದ ಅತಿಥಿಯ ಮಾತಿಗೆ ಎದುರಾಡುವ ರೂಢಿ ನಮ್ಮಲ್ಲಿಲ್ಲ. ಹುಡುಗಿ ನಾನು ಹೇಳಿದ್ದನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡಳು. ಬರೆಯುವುದನ್ನು ನಾನು ಕಂಡೆ. ಕಂಡರೂ ಉಪ್ಪಿಟ್ಟು ಶಿರಾ ತಿಂದು ಮಧ್ಯಾಹ್ನದ ಬಸ್ಸು ಹಿಡಿದೆ.

ಹೇಳಿದ್ದು ಪೂರ್ತಿ ಸುಳ್ಳಲ್ಲ ಎಂದು ಬಸ್ಸಿನಲ್ಲಿ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನನಗೆ ಕೆಲಸ ಸಿಕ್ಕಿದ್ದು ಬಾಯಿಯಿಂದಲೇ ಅಲ್ಲವೇ? ಆದರೆ ಆ ಹುಡುಗಿ ಕೇಳಿದ್ದು ಹಸಿರು ಬಟ್ಟೆಯ ಮುಂದೆ ನಿಲ್ಲುವುದನ್ನಲ್ಲ. ಡಬ್ಬಿಯಲ್ಲಿ ನಿಂತ ನೀರು ಎಲ್ಲಿಂದ ಬಂತು ಎಂದು ತಿಳಿಯುವ ದಾರಿ ಕೇಳಿದ್ದಳು. ಅದು ನನಗೆ ಅಂದೇ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದ ತಪ್ಪಾಗಿದ್ದರೆ ಇಷ್ಟು ವರ್ಷ ಕೊರೆಯುತ್ತಿರಲಿಲ್ಲ.

ಹೋದ ವರ್ಷ ಮಾನ್ವಿ ಬಸ್ ಸ್ಟ್ಯಾಂಡಿನ ಎದುರಿನ ಜೆರಾಕ್ಸ್ ಅಂಗಡಿಗೆ ಹೋಗಿದ್ದೆ, ಶಾಲೆಯ ಪ್ರಶ್ನೆಪತ್ರಿಕೆ ಪ್ರಿಂಟ್ ತೆಗೆಸಲು. ಒಬ್ಬ ಹೆಣ್ಣುಮಗಳು ಕಂಪ್ಯೂಟರ್ ಮುಂದೆ ಕೂತು ನನಗಿಂತ ಮೊದಲು ಬಂದವನೊಬ್ಬನ ನೌಕರಿ ಅರ್ಜಿ ತುಂಬುತ್ತಿದ್ದಳು. "ಡಿಗ್ರಿಯೊಳಗ ಫಿಜಿಕ್ಸ್ ಇತ್ತೇನ್ರಿ? ಇದ್ರಷ್ಟ ತಗೊಂತದ ಇದು," ಅಂದಳು. ಅವನು ಇತ್ತು ಅಂದ. ಹವಾಮಾನ ವೀಕ್ಷಣೆಯ ಸರ್ಕಾರಿ ಹುದ್ದೆಯಂತೆ. ಅವಳು ಟಕಟಕ ಒತ್ತಿ ಕಾಗದ ಕೈಗಿಟ್ಟಳು, ಅವನು ಹೋದ. ಆಮೇಲೆ ನನ್ನ ಮುಖ ನೋಡಿದಳು.

"ಅಕ್ಕಾರ, ನೀವು ಟಿವಿಯವರಲ್ರೀ? ದೇವದುರ್ಗಕ್ಕ ನಮ್ಮ ಸಾಲಿಗೆ ಬಂದಿದ್ರಿ. ಮಳಿ ಅಳೀತಿದ್ದಾಕಿ, ನಾನ ರೀ."

ಗುರುತು ಹತ್ತಿತು. ಹತ್ತಿದ ಕೂಡಲೇ ಓಡಿಹೋಗಬೇಕು ಅನ್ನಿಸಿತು. ಅವಳೋ ಸ್ಟೂಲು ಒರೆಸಿ ಕೂಡಿಸಿದಳು, ಚಹಾ ಹೇಳಿದಳು. ನೀರಮಾನ್ವಿಯಲ್ಲಿ ಚಿಕ್ಕಮ್ಮನ ಮನೆ, ಅಲ್ಲಿಂದ ದಿನವೂ ಬಸ್ಸಿಗೆ ಬರುತ್ತೇನೆ ಅಂದಳು. ನೀನು ಏನು ಓದಿದೆ ಎಂದು, ಕೇಳಿಸಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ ಕೇಳಿದೆ.

"ಬಿ.ಎ. ರೀ. ನೀವು ಹೇಳಿದ್ರಲ್ಲ," ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಅಪ್ಪ ರಾಯಚೂರಾಗ ಸೈನ್ಸಿಗೆ ಹಚ್ಚಾಕ ತಯಾರಿದ್ದ. ನಾನ ಬ್ಯಾಡ ಅಂದೆ. ದಿನಾ ಕನ್ನಡಿ ಮುಂದ ನಿಂತು ಓದತಿದ್ದೆ. ಡಿಗ್ರಿ ಮುಗಿಸಿ ನಿಮ್ಮ ಟಿವಿ ಆಫೀಸಿಗೆ ಹೋದ್ರ, ಅದು ಮುಚ್ಚಿ ವರ್ಷಗಟ್ಟಲೆ ಆಗ್ಯಾದ ಅಂದ್ರು ಕೆಳಗಿನ ಅಂಗಡಿಯವ್ರು. ಈ ಹುದ್ದೆಗೆ ನನಗ ಅರ್ಜಿ ಹಾಕಾಕ ಬರೂದಿಲ್ಲ. ಬ್ಯಾರೆಯವ್ರಿಗೆ ಹಾಕಿ ಕೊಡತೀನಿ."

ಮತ್ತೆ ಪಿಯುಸಿಯಿಂದ ವಿಜ್ಞಾನ ಕಟ್ಟಬಹುದಲ್ಲ ಎಂದು ಏನೋ ತೊದಲಿದೆ. ಅವಳು ಮೆಲ್ಲಗೆ ತಲೆ ಅಲ್ಲಾಡಿಸಿದಳು. ತಮ್ಮ ಓದುತ್ತಿದ್ದಾನೆ, ಅಪ್ಪನ ಸೊಂಟ ಹಿಡಿದಿದೆ, ಇನ್ನೆಲ್ಲಿಯ ಓದು ಅಂದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ಶಾಲೆಯಲ್ಲಿ ವರ್ಷಕ್ಕೊಮ್ಮೆ ಮಕ್ಕಳಿಗೆ ವಿಸ್ತರಿಸಿ ಬರೆಯಲು ಕೊಡುತ್ತೇನೆ. ಹತ್ತು ಸಾಲು ಬರೆದವರಿಗೆ ಪೂರ್ತಿ ಅಂಕವನ್ನೂ ಹಾಕುತ್ತೇನೆ.

ಅಲ್ಲಿಯೇ, ಆ ಜೆರಾಕ್ಸ್ ಯಂತ್ರದ ಗದ್ದಲದಲ್ಲಿ, ಎಲ್ಲವನ್ನೂ ಹೇಳಿಬಿಟ್ಟೆ. ನಾನು ತಜ್ಞೆಯಲ್ಲ, ಹವಾಮಾನದ ಒಂದಕ್ಷರ ನನಗೆ ತಿಳಿಯದು. ಫಿಜಿಕ್ಸಿನಲ್ಲಿ ಎರಡು ಸಲ ಫೇಲಾದವಳು. ನಿಮ್ಮ ಮೇಷ್ಟ್ರ ಮುಂದೆ ಅದು ಗೊತ್ತಾದೀತೆಂಬ ನಾಚಿಕೆಗೆ ನಿನಗೆ ಹಾಗೆ ಹೇಳಿದೆ. ನಿಮ್ಮ ಮೇಷ್ಟ್ರು ಹೇಳಿದ್ದೇ ಖರೆ ಇತ್ತು. ತಪ್ಪಾಯಿತು, ತಂಗೀ. ಹೇಳುವಾಗ ನನ್ನ ಕಣ್ಣಲ್ಲಿ ನೀರು ಬಂತು, ಅವಳ ಕಣ್ಣಲ್ಲಿ ಬರಲಿಲ್ಲ. ಅವಳು ನನ್ನ ಪ್ರಶ್ನೆಪತ್ರಿಕೆಗಳನ್ನು ಮೇಜಿಗೆ ಕುಟ್ಟಿ ಅಂಚು ಕೂಡಿಸುತ್ತ ಕೇಳುತ್ತಿದ್ದಳು.

"ಎರಡು ಸಲ ಫೇಲಾಗಿದ್ರೇನ್ರೀ?" ಅಂದಳು ಕಡೆಗೆ.

"ಹೂಂ."

"ಅಂದ್ರ ನೀವು ಎರಡು ಸಲ ಪರೀಕ್ಷೆಗೆ ಕುಂತು ನೋಡೀರಿ." ಕಾಗದಗಳನ್ನು ನನ್ನ ಕೈಗಿಟ್ಟಳು. "ನನಗ ಒಂದ್ಸಲನರ ಕುಂದ್ರಾಕ ಬಿಡಬೇಕಿತ್ತಲ್ರೀ ಅಕ್ಕಾರ. ಫೇಲಾದ್ರ ಆಗ್ತಿದ್ದೆ."