ಒಂಬತ್ತು ಪರ್ಸೆಂಟ್ ಕಡಿಮೆಗೆ ಕಟ್ಟಿದ ಹೆರಿಗೆ ವಾರ್ಡು

೧೯೭೪ರಲ್ಲಿ ನಾನು ಬಳ್ಳಾರಿಯ ಒಂದು ಸರ್ಕಾರಿ ಕಚೇರಿಯಲ್ಲಿ ಟೆಕ್ನಿಕಲ್ ಅಸಿಸ್ಟೆಂಟ್ ಆಗಿದ್ದೆ. ಹೆಸರು ದೊಡ್ಡದು, ಕೆಲಸ ಮಾತ್ರ ಕುರ್ಚಿಗೆ ಅಂಟಿಕೊಂಡದ್ದು. ಕಟ್ಟಡ ಕಾಮಗಾರಿಗಳಿಗೆ ಬಂದ ಟೆಂಡರುಗಳನ್ನು ಒಂದರ ಪಕ್ಕ ಒಂದಿಟ್ಟು ತುಲನಾ ಪಟ್ಟಿ ಮಾಡಬೇಕು, ಯಾರಿಗೆ ಕೆಲಸ ಕೊಡಬಹುದೆಂದು ಟಿಪ್ಪಣಿ ಬರೆದು ಕಾರ್ಯಪಾಲಕ ಎಂಜಿನಿಯರರ ಮುಂದಿಡಬೇಕು. ಆ ಪಟ್ಟಿಯಲ್ಲಿ ದರಗಳಿಗೆ ಆರು ಕಾಲಂ ಇದ್ದವು. ಗುತ್ತಿಗೆದಾರ ಕೆಲಸವನ್ನು ಹೇಗೆ ಮಾಡುತ್ತಾನೆ ಎಂಬುದಕ್ಕೆ ಒಂದೂ ಇರಲಿಲ್ಲ. ಏನಾದರೂ ಹೇಳುವುದಿದ್ದರೆ ಕೊನೆಯಲ್ಲಿದ್ದ ಬೆರಳಗಲದ ಷರಾ ಕಾಲಂನಲ್ಲೇ ಹೇಳಬೇಕಿತ್ತು.

ಆ ವರ್ಷ ಸಿರುಗುಪ್ಪ ತಾಲ್ಲೂಕಿನ ಒಂದು ಹಳ್ಳಿಗೆ ಆರು ಹಾಸಿಗೆಯ ಹೆರಿಗೆ ವಾರ್ಡು ಮಂಜೂರಾಯಿತು. ಅಂದಾಜು ಮೊತ್ತ ಒಂದು ಲಕ್ಷ ಎಂಬತ್ತು ಸಾವಿರ. ಅಲ್ಲಿನ ಮಿಡ್‌ವೈಫ್ ರುದ್ರಮ್ಮ ಅಕ್ಕಿ ಗಿರಣಿಯ ಪಕ್ಕದ ಗೋದಾಮಿನಲ್ಲಿ, ತೌಡಿನ ಧೂಳಿನ ನಡುವೆ ಹೆರಿಗೆ ಮಾಡಿಸುತ್ತಿದ್ದರು. ಕಟ್ಟಡ ಎಲ್ಲಿಗೆ ಬಂತೆಂದು ಕೇಳಲು ಎರಡು ತಿಂಗಳಿಗೊಮ್ಮೆ ಬಸ್ಸು ಹತ್ತಿ ನಮ್ಮ ಕಚೇರಿಗೆ ಬರುವರು. ಗುಮಾಸ್ತರು ಗೊಣಗಿದರೂ ಕದಲುತ್ತಿರಲಿಲ್ಲ. ನನ್ನ ಮೇಜಿನ ಎದುರಿನ ಬೆಂಚು ಅವರದೇ ಆಗಿಹೋಗಿತ್ತು.

ಮೂರು ಟೆಂಡರು ಬಂದವು. ರೂಢಿಯಂತೆ ಗುತ್ತಿಗೆದಾರರ ಎದುರಿನಲ್ಲೇ ಲಕೋಟೆ ಒಡೆದು ದರಗಳನ್ನು ಗಟ್ಟಿಯಾಗಿ ಓದಿದೆವು. ಬಳ್ಳಾರಿಯ ಪಂಪಣ್ಣನವರದು ಅಂದಾಜಿಗಿಂತ ಶೇಕಡಾ ಒಂಬತ್ತು ಕಡಿಮೆ. ಕುರುಗೋಡಿನ ಇಮಾಮಸಾಬರದು ಶೇಕಡಾ ನಾಲ್ಕು ಹೆಚ್ಚು. ಮೂರನೆಯದು ಇನ್ನೂ ದುಬಾರಿ, ಅದರ ಮಾತು ಬೇಡ. ಪಂಪಣ್ಣ ಮೋಸಗಾರರಲ್ಲ. ಬಳ್ಳಾರಿಯಲ್ಲಿ ಅವರು ಕಟ್ಟಿದ ಗೋದಾಮುಗಳು ಬಂಡೆಯಂತೆ ನಿಂತಿದ್ದವು, ಏಕೆಂದರೆ ಬಳ್ಳಾರಿಯ ಕೆಳಗೆ ಬಂಡೆಯೇ ಇತ್ತು.

ಇಮಾಮಸಾಬರು ದರದ ಜೊತೆಗೆ ಒಂದು ಪತ್ರವನ್ನೂ ಲಗತ್ತಿಸಿದ್ದರು. ನಾಲ್ಕಡಿ ಕಲ್ಲಿನ ಪಾಯ ಆ ಜಾಗಕ್ಕೆ ಸಾಲದು, ಅಂಡರ್-ರೀಮ್ಡ್ ಪೈಲ್ ಹಾಕುವುದಾದರೆ ಮಾತ್ರ ಕೆಲಸ ಹಿಡಿಯುತ್ತೇನೆ, ಅದರ ಖರ್ಚೂ ನನ್ನ ದರದಲ್ಲಿ ಸೇರಿದೆ ಎಂದು ಅದರಲ್ಲಿತ್ತು. ಅಂದರೆ ಹನ್ನೆರಡು ಅಡಿ ಆಳದ ಕಾಂಕ್ರೀಟ್ ಕಂಬಗಳು. ಬುಡದಲ್ಲಿ ಉಳ್ಳಾಗಡ್ಡಿಯ ಹಾಗೆ ದಪ್ಪ, ಮೇಲಿನ ಮಣ್ಣು ಎಷ್ಟು ಕುಣಿದರೂ ಕಟ್ಟಡವನ್ನು ಹಿಡಿದಿಡುವಂಥವು. ಕಾಲುವೆಯ ಕಡೆ ಕ್ವಾರ್ಟರ್ಸ್ ಕಟ್ಟುವಾಗ ಅವರು ಅದನ್ನು ಕಲಿತಿದ್ದರು. ಆದರೆ ಹೀಗೆ ಪತ್ರವಿಟ್ಟ ಟೆಂಡರನ್ನು ನಿಯಮದ ಭಾಷೆಯಲ್ಲಿ ಷರತ್ತಿನ ಟೆಂಡರು ಎನ್ನುತ್ತಿದ್ದರು. ಅದನ್ನು ಕಡತದಿಂದ ಹೊರಗಿಡಲು ಬೇರೆ ಕಾರಣವೇ ಬೇಕಿರಲಿಲ್ಲ.

ನಮ್ಮ ನಕ್ಷೆ ಇಡೀ ಜಿಲ್ಲೆಗೆ ಒಂದೇ, ಪಾಯವೂ ಒಂದೇ. ಮಣ್ಣು ಪರೀಕ್ಷೆಗೆ ಗುಂಡಿ ತೋಡಿಸಿದವನು ನಾನೇ. ತೋಡಿಸಿದ್ದು ಡಿಸೆಂಬರಿನಲ್ಲಿ, ಸುತ್ತ ಭತ್ತದ ಗದ್ದೆಗೆ ಕಾಲುವೆ ನೀರು ಹರಿಯುತ್ತಿದ್ದ ಕಾಲದಲ್ಲಿ. ಎರೆ ಮಣ್ಣು ನೀರು ಕುಡಿದು ತಣ್ಣಗೆ, ಒತ್ತಾಗಿ ಮಲಗಿತ್ತು. ‘ನೆಲ ಗಟ್ಟಿಯಾಗಿದೆ’ ಎಂದು ಬರೆದು ಸಹಿ ಹಾಕಿದ್ದೆ. ನಾನು ರೂಪನಗುಡಿಯ ಎರೆ ಹೊಲದಲ್ಲಿ ಬೆಳೆದವನು. ಬೇಸಿಗೆಯ ಬಿರುಕಿನಲ್ಲಿ ನನ್ನ ಎಷ್ಟು ಗೋಲಿಗಳು ಕಾಣೆಯಾಗಿದ್ದವೋ ಲೆಕ್ಕವಿಲ್ಲ. ಡಿಗ್ರಿ ಬಂದ ಮೇಲೆ ಆ ಗೋಲಿಗಳೂ ಮರೆತುಹೋದವು.

ಏಪ್ರಿಲಿನಲ್ಲಿ ಇಮಾಮಸಾಬರು ಕಚೇರಿಗೆ ಬಂದು, ಒಮ್ಮೆ ಜಾಗಕ್ಕೆ ಬನ್ನಿ ಎಂದು ಕರೆದರು. ಹೋದೆ. ಕಾಲುವೆ ನಿಂತಿತ್ತು, ನೆಲ ಬಾಯಿಬಿಟ್ಟಿತ್ತು. ಅವರು ಪಕ್ಕದ ಬಣವೆಯಿಂದ ಉದ್ದನೆಯ ಜೋಳದ ದಂಟೊಂದನ್ನು ಎಳೆದು, ಎಲೆ ಸವರಿ, ಬಿರುಕಿನೊಳಗೆ ಮೆಲ್ಲಗೆ ಇಳಿಬಿಟ್ಟರು. ಆ ಕಡೆ ಬಾವಿ ತೋಡುವವರು ನೆಲವನ್ನು ಅಳೆಯುವುದು ಹಾಗೆಯೇ. ನಾಲ್ಕಡಿ ಇಳಿಯಿತು, ಆರಡಿ ಇಳಿಯಿತು, ಕಡೆಗೆ ಅವರ ಹಿಡಿಯಲ್ಲಿ ತುದಿ ಮಾತ್ರ ಉಳಿಯಿತು.

“ಸಾಹೇಬ್ರ, ಈ ನೆಲ ಬ್ಯಾಸಗ್ಯಾಗ ಬಾಯಿ ಬಿಡತೈತಿ, ಮಳಿಗಾಲದಾಗ ಉಬ್ಬತೈತಿ. ನಿಮ್ಮ ನಾಕ್ ಅಡಿ ಪಾಯ ಇದರ ಜೊತಿ ಎದ್ದು ಕುಂದರತೈತ್ರಿ. ಕೆಲಸ ನನಗ ಕೊಡಬ್ಯಾಡ್ರಿ, ಯಾರಿಗರೆ ಕೊಡ್ರಿ. ಪಾಯ ಮಾತ್ರ ಬದಲಿ ಮಾಡ್ರಿ.”

ಮರುದಿನ ನಾನು ಎರಡು ಪುಟ ಬರೆದೆ. ಪಾಯ ಬದಲಿಸಬೇಕು, ಇಮಾಮಸಾಬರ ದರ ಒಪ್ಪಬೇಕು, ಇಲ್ಲವೇ ನಕ್ಷೆ ತಿದ್ದಿ ಹೊಸದಾಗಿ ಟೆಂಡರು ಕರೆಯಬೇಕು ಎಂದು. ಕಾರ್ಯಪಾಲಕ ಎಂಜಿನಿಯರರು ಒಳ್ಳೆಯವರೇ, ಆದರೆ ನಿವೃತ್ತಿಗೆ ಹನ್ನೊಂದು ತಿಂಗಳು ಬಾಕಿ ಇದ್ದವರು. ಪೂರ್ತಿ ಓದಿ ಕನ್ನಡಕ ತೆಗೆದರು.

“ಬರದದ್ದು ಖರೇನ ಐತಿ, ಇಲ್ಲನ್ನಂಗಿಲ್ಲ. ಆದ್ರ ಡಿಸೆಂಬರ್‌ದಾಗ ನೆಲ ಗಟ್ಟಿ ಐತಿ ಅಂತ ಬರದೋರು ಯಾರು? ಕಡಿಮಿ ದರ ಯಾಕ ಬಿಟ್ರಿ ಅಂತ ಆಡಿಟ್‌ನೋರು ಕೇಳಿದ್ರ ಉತ್ರ ನೀವ ಕೊಡಬೇಕು. ವಿಚಾರ ಮಾಡ್ರಿ.”

ಹಣ ಬೇರೆ ಆ ವರ್ಷದ ಬಜೆಟ್ಟಿನದು. ಮತ್ತೆ ಟೆಂಡರು ಕರೆದರೆ ಮಂಜೂರಾತಿ ಕೈತಪ್ಪಬಹುದೆಂದೂ ಅವರು ಹೇಳಿದರು. ಹೊರಗೆ ಬೆಂಚಿನ ಮೇಲೆ ರುದ್ರಮ್ಮ ಕೂತಿದ್ದರು. ಈ ಸಲವಾದರೂ ಆಗುತ್ತದೆಯೇ ಎಂದು ಕೇಳಿದರು. ಆಗುತ್ತದೆ ಎಂದೆ. ಅವರಿಗಾಗಿಯೇ ಹಾಗೆ ಮಾಡಿದೆ ಎಂದು ಬಹಳ ವರ್ಷ ನನ್ನನ್ನು ನಾನೇ ನಂಬಿಸಿಕೊಂಡಿದ್ದೆ. ಅದು ಸುಳ್ಳು. ಡಿಸೆಂಬರಿನ ನನ್ನ ಸಹಿಗೆ ಹೆದರಿದ್ದೆ, ಅಷ್ಟೇ. ಎರಡು ಪುಟ ಹರಿದುಹಾಕಿ, ‘ಕನಿಷ್ಠ ದರದ ಟೆಂಡರನ್ನು ಅಂಗೀಕರಿಸಬಹುದು’ ಎಂದು ಒಂದೇ ಸಾಲು ಬರೆದೆ. ಷರಾ ಕಾಲಂ ಖಾಲಿ ಬಿಟ್ಟೆ.

ಪಂಪಣ್ಣ ನಕ್ಷೆಯಲ್ಲಿ ಇದ್ದಂತೆಯೇ, ಒಂದಿಂಚೂ ಕದಿಯದೆ ಕಟ್ಟಿಕೊಟ್ಟರು. ಅಷ್ಟರಲ್ಲಿ ನನಗೆ ವರ್ಗವಾಯಿತು. ಮತ್ತೆ ಬಳ್ಳಾರಿಗೆ ಬಂದದ್ದು ೧೯೮೧ರಲ್ಲಿ, ಅದೇ ಕಾರ್ಯಪಾಲಕ ಎಂಜಿನಿಯರರ ಕುರ್ಚಿಗೆ. ಮೊದಲ ವಾರದಲ್ಲೇ ಆ ಹಳ್ಳಿಗೆ ಹೋದೆ. ವಾರ್ಡಿಗೆ ಬೀಗ ಹಾಕಿತ್ತು. ಗೋಡೆಯ ಮೂಲೆಗಳಲ್ಲಿ ಕೈ ತೂರುವಷ್ಟು ಬಿರುಕು. ಚೇಳು ಬಾರದಿರಲೆಂದು ಯಾರೋ ಅವಕ್ಕೆ ಹಳೆಯ ಸೀರೆಯ ಚೂರು ತುರುಕಿದ್ದರು. ರುದ್ರಮ್ಮ ಮತ್ತೆ ಗೋದಾಮಿನಲ್ಲಿದ್ದರು. ಕೂದಲು ಪೂರಾ ಬೆಳ್ಳಗಾಗಿತ್ತು.

ನಡೆದದ್ದನ್ನು ಅವರೇ ಹೇಳಿದರು. ಎರಡು ವರ್ಷದ ಹಿಂದೆ, ಮಳೆ ಹಿಡಿದ ಒಂದು ಮಧ್ಯಾಹ್ನ, ನೋವು ತಿನ್ನುತ್ತಿದ್ದ ಹೆಣ್ಣುಮಗಳನ್ನು ಎತ್ತಿನ ಗಾಡಿಯಲ್ಲಿ ಕರೆತಂದರಂತೆ. ನೆಲ ಉಬ್ಬಿ ಹೆರಿಗೆ ಕೋಣೆಯ ಬಾಗಿಲು ಚೌಕಟ್ಟಿನಲ್ಲಿ ಸಿಕ್ಕಿಹಾಕಿಕೊಂಡಿತ್ತು. ಸಲಕರಣೆಗಳೆಲ್ಲ ಒಳಗೆ. ಗಂಡ ಹಾರೆ ತಂದು ಬಾಗಿಲು ಒಡೆಯುವುದರೊಳಗೆ ವರಾಂಡದಲ್ಲೇ ಹೆರಿಗೆಯಾಯಿತು. ಕೂಸು ಅಳಲಿಲ್ಲ. ಅದನ್ನು ಅಳಿಸುವುದಕ್ಕೆ ಬೇಕಾದದ್ದು ಬಾಗಿಲಿನ ಆಚೆ ಇತ್ತು ಎಂದರು.

ನಾನು ತಡೆಯಲಾರದೆ ಎಲ್ಲವನ್ನೂ ಹೇಳಿದೆ. ಇಮಾಮಸಾಬರ ಪತ್ರ, ಜೋಳದ ದಂಟು, ಹರಿದುಹಾಕಿದ ಎರಡು ಪುಟ. ಬೈಯುತ್ತಾರೆಂದು ಕಾದೆ, ಬೈದಿದ್ದರೆ ಹಗುರಾಗುತ್ತಿತ್ತೇನೋ. ಇಮಾಮಸಾಬರು ಎಷ್ಟು ಹೆಚ್ಚಿಗೆ ಕೇಳಿದ್ದರು ಎಂದಷ್ಟೇ ಕೇಳಿದರು. ಪಂಪಣ್ಣನವರಿಗಿಂತ ಇಪ್ಪತ್ತಮೂರು ಸಾವಿರದ ನಾಲ್ಕು ನೂರು ಎಂದೆ.

“ಅಷ್ಟೇನ್ರಿ?” ಎಂದರು.

ಈ ವೃತ್ತಿ ನನಗೆ ಕಲಿಸಿದ್ದು ಇಷ್ಟು: ಕಡಿಮೆ ದರಕ್ಕೆ ಯಾರೂ ಕಾರಣ ಕೇಳುವುದಿಲ್ಲ, ಒಳ್ಳೆಯ ಕೆಲಸಕ್ಕೆ ಕೇಳುತ್ತಾರೆ, ಆ ಕಾರಣ ಬರೆದು ಕೆಳಗೆ ಸಹಿ ಹಾಕುವ ಧೈರ್ಯವಿಲ್ಲದಿದ್ದರೆ ಎಂಜಿನಿಯರಿಂಗ್ ಓದಿ ಉಪಯೋಗವಿಲ್ಲ. ಆಮೇಲೆ ನಾನು ಪುಟಗಟ್ಟಲೆ ಕಾರಣ ಬರೆದೆ. ಹೆಚ್ಚಿನವು ಮೇಲಿನಿಂದ ಹಾಗೆಯೇ ವಾಪಸ್ಸು ಬಂದವು. ಆಡಿಟ್ ಆಕ್ಷೇಪಣೆಗಳಿಗೆ ಉತ್ತರ ಕೊಡುತ್ತಲೇ ನಿವೃತ್ತನಾದೆ.

ಆ ದಿನ ಬಳ್ಳಾರಿಗೆ ಮರಳಿ ಹೆರಿಗೆ ವಾರ್ಡಿನ ಕಡತ ತರಿಸಿ ನೋಡಿದ್ದೆ. ಆಡಿಟ್‌ನವರು ತುಲನಾ ಪಟ್ಟಿಯ ಮೇಲೆ ಹಸಿರು ಶಾಯಿಯಲ್ಲಿ ಸರಿ ಗುರುತು ಹಾಕಿದ್ದರು. ನನ್ನ ಇಡೀ ಸೇವೆಯಲ್ಲಿ ಒಂದೇ ಒಂದು ಆಕ್ಷೇಪಣೆಯೂ ಬಾರದ ಟೆಂಡರು ಅದೊಂದೇ.