ಮೈಕ್‌ಸೆಟ್ ಅಣ್ಣನ ಲಂಡನ್ನು

ಅವರ ಎಡಗಿವಿ ಬಲಗಿವಿಗಿಂತ ದಪ್ಪಗಿತ್ತು. ಹರೆಯದಲ್ಲಿ ಯಾವುದೋ ಮದುವೆ ಚಪ್ಪರದ ಮೇಲಿಂದ ಮೈಕಿನ ಕಬ್ಬಿಣದ ಹಾರ್ನು ಜಾರಿ ಬಿದ್ದು, ಕಿವಿ ಊದಿ, ಊದಿದ್ದು ಹಾಗೇ ಗಟ್ಟಿಯಾಗಿ, ಒಣಗಿದ ಅಂಜೂರದಂತೆ ಮುದುಡಿಕೊಂಡಿತ್ತು. ಹಾಡು ಕೇಳುವಾಗ ಆ ಕಿವಿಯನ್ನೇ ಸ್ಪೀಕರಿನ ಕಡೆ ತಿರುಗಿಸಿ, ಒಂದು ಕಣ್ಣು ಮುಚ್ಚಿ, ಬಾಯಿ ಅರ್ಧ ತೆರೆದು ಕೂರುತ್ತಿದ್ದರು. ನೋಡಿದವರು ಪಾಪ, ಹಲ್ಲುನೋವಿರಬೇಕು ಅಂದುಕೊಳ್ಳುತ್ತಿದ್ದರು.

ಚನ್ನಪಟ್ಟಣದ ಹೆದ್ದಾರಿ ಬದಿಯಲ್ಲಿ ಅವರದು ಮೈಕ್‌ಸೆಟ್ ಅಂಗಡಿ. ಮದುವೆ, ಸಭೆ, ನಾಟಕ, ಕಬಡ್ಡಿ, ಎಲ್ಲಕ್ಕೂ ಅವರ ಹಾರ್ನುಗಳೇ ಹೋಗಬೇಕು. ಊರಿಗೆಲ್ಲ ಅವರು ಮೈಕ್‌ಸೆಟ್ ಅಣ್ಣ, ನನಗೂ ಅಷ್ಟೇ. ಎರಡು ಸಾವಿರದ ಇಸವಿ ಕಳೆದ ಹೊಸತು. ರಾಗಿ ಹೊಲಗಳ ನಡುವೆ ತಗಡಿನ ಶೆಡ್ಡುಗಳು ಏಳುತ್ತಿದ್ದ ಕಾಲ. ನಾನು ಐಟಿಐ ಮುಗಿಸಿ, ಬಿಡದಿ ಕಡೆ ಕಾರಿನ ಸೀಟು ಹೊಲಿಯುವ ಕಾರ್ಖಾನೆಯೊಂದಕ್ಕೆ ಸೇರಿದ್ದೆ. ಕಂಪನಿ ಬಸ್ಸು ನಿಲ್ಲುತ್ತಿದ್ದುದು ಅವರ ಅಂಗಡಿಯ ಎದುರಿಗೇ. ಒಂದು ದಿನ ಬಸ್ಸು ತಡವಾಯಿತು. ಒಳಗಿನಿಂದ ಗಿಟಾರು ಕೇಳಿಸಿತು. ಅಂಥ ಸದ್ದನ್ನು ನಾನು ಹುಟ್ಟಿದಾರಭ್ಯ ಕೇಳಿರಲಿಲ್ಲ. ಯಾರೋ ಅಳುತ್ತಲೇ ಬೈಯುತ್ತಿದ್ದಾರೆ ಅನ್ನಿಸಿತು. ಬಸ್ಸು ಬಂತು, ಹೋಯಿತು. ನಾನು ಅಂಗಡಿಯೊಳಗಿದ್ದೆ.

"ಏನ್ಲಾ, ಮದ್ವೆನಾ, ಗೃಹಪ್ರವೇಶನಾ?" ಅಂದರು.

"ಅಲ್ಲಣ್ಣ, ಈ ಹಾಡು..."

"ಇದಾ? ಕೂತ್ಕ."

ಅಲ್ಲಿಂದ ಮುಂದೆ ಭಾನುವಾರದ ಬೆಳಗು ಅಂದರೆ ನನಗೆ ಆ ಅಂಗಡಿಯೇ. ಅದು ಇಂಗ್ಲೆಂಡಿನ ಬ್ಯಾಂಡು. ನಾನು ಹುಟ್ಟುವ ಹೊತ್ತಿಗೇ ಅದರವರು ಕಿತ್ತಾಡಿಕೊಂಡು ದಿಕ್ಕಿಗೊಬ್ಬರಾಗಿದ್ದರಂತೆ. ಹಾಡಿನ ಮಾತು ನಮ್ಮಿಬ್ಬರಿಗೂ ಅರ್ಥವಾಗುತ್ತಿರಲಿಲ್ಲ. ಅದರಿಂದ ನಮಗೇನೂ ಕಷ್ಟವಾಗಲಿಲ್ಲ.

ಆ ಕ್ಯಾಸೆಟ್ಟುಗಳು ಬಂದ ಕಥೆಯನ್ನು ಅಣ್ಣ ಎಷ್ಟು ಸಲ ಹೇಳಿದರೂ ನಾನು ಕೇಳುತ್ತಿದ್ದೆ. ಹಿಂದೊಮ್ಮೆ ನಮ್ಮೂರಿನ ಗೊಂಬೆ ಕೊಳ್ಳಲು ಲಂಡನ್ನಿನಿಂದ ಒಬ್ಬ ವ್ಯಾಪಾರಿ ಬಂದಿದ್ದ. ಅವನ ಟೇಪ್‌ರೆಕಾರ್ಡರ್ ಕೆಟ್ಟಿತು. ಅಣ್ಣ ರಿಪೇರಿ ಮಾಡಿಕೊಟ್ಟರು. ಆ ಖುಷಿಗೆ ಅವನು ಒಂದು ಕ್ಯಾಸೆಟ್ಟು ಕೊಟ್ಟ, ಊರಿಗೆ ಹೋದ ಮೇಲೂ ಕಳಿಸುತ್ತಲೇ ಇದ್ದಾನೆ. ದುಡ್ಡು ಕೊಟ್ಟರೂ ಸಿಗುವಂಥವಲ್ಲ. ಬ್ಯಾಂಡು ವೇದಿಕೆಯ ಮೇಲೆ ಬಾರಿಸುವಾಗ ಜನರ ನಡುವೆ ನಿಂತು ಯಾರೋ ಕದ್ದು ರೆಕಾರ್ಡ್ ಮಾಡಿಕೊಂಡವು. "ಲೈವು ಕಣ್ಲಾ" ಅನ್ನುವಾಗ ಅವರ ದನಿ ಗರ್ಭಗುಡಿಯ ಮುಂದೆ ನಿಂತವರಂತೆ ತಗ್ಗುತ್ತಿತ್ತು.

"ಸ್ಟುಡಿಯೋ ಹಾಡು ಅಂದ್ರೆ ಮದ್ವೆ ಫೋಟೋ ಇದ್ದಂಗೆ. ಎಲ್ಲಾರೂ ತಲೆ ಬಾಚ್ಕಂಡು ನಿಂತಿರ್ತಾರೆ. ಲೈವು ಅಂದ್ರೆ ಮದ್ವೆಮನೆ. ಅಲ್ಲಿ ಸಾರು ಚೆಲ್ತದೆ, ಬೀಗ್ರು ಮುನುಸ್ಕತಾರೆ, ಮಗ ಅಳ್ತದೆ. ಜೀವ ಇರದು ಅಲ್ಲೇಯ" ಅನ್ನುತ್ತಿದ್ದರು. ಹಾಡು ಮುಗಿದು ಚಪ್ಪಾಳೆ ಎದ್ದಾಗ ಬೆರಳೆತ್ತಿ, "ನೋಡು, ಲಂಡನ್ ಜನ!" ಅನ್ನುತ್ತಿದ್ದರು. ನನಗೆ ಮೈ ಜುಮ್ಮೆನ್ನುತ್ತಿತ್ತು. ದಿನವಿಡೀ ಸೀಟಿನ ಹೊಲಿಗೆ ಹಾಕುವವನಿಗೆ, ಬಿಡದಿಯಾಚೆ ಕಾಲಿಡದವನಿಗೆ, ಆ ಶಿಳ್ಳೆ ಚಪ್ಪಾಳೆಗಳ ನಡುವೆ ಒಂದು ಜಾಗ ಸಿಕ್ಕಿದಂತಿತ್ತು.

ಹುಚ್ಚು ಅವರಿಗೂ ಕಡಿಮೆಯಿರಲಿಲ್ಲ. ಕೋಡಿಹಳ್ಳಿಯ ಒಂದು ಮದುವೆಗೆ ನಾನೂ ಅವರ ಜೊತೆ ಹೋಗಿದ್ದೆ. ಎಲ್ಲರೂ ಹಲೋ ಹಲೋ ಅಂತ ಮೈಕು ಪರೀಕ್ಷೆ ಮಾಡಿದರೆ ಇವರು ಗಿಟಾರು ಹಾಕಿಬಿಟ್ಟರು. ಹುಡುಗಿಯ ಅಜ್ಜ ಕೋಲೂರಿಕೊಂಡು ಓಡೋಡಿ ಬಂದು, "ಏನಪ್ಪಾ, ಮಿಷನ್ನು ಸುಟ್ಟೋಯ್ತಾ?" ಅಂದ. ಅಣ್ಣ ತಣ್ಣಗೆ, "ಇಲ್ಲ ಗೌಡ್ರೇ, ಈಗ ಜೀವ ಬಂತು" ಅಂದರು. ವಾಪಸು ಬರುವಾಗ ಲಗೇಜ್ ಆಟೋದಲ್ಲಿ ನಾವಿಬ್ಬರೂ ನಕ್ಕಿದ್ದೇ ನಕ್ಕಿದ್ದು. ನನ್ನ ಸ್ವಂತ ಅಣ್ಣನ ಜೊತೆ ನಾನು ಯಾವತ್ತೂ ಹಾಗೆ ನಕ್ಕವನಲ್ಲ.

ಆಮೇಲೆ ರಾಮನಗರದಲ್ಲಿ ಸೈಬರ್ ಸೆಂಟರ್ ಬಂತು. ನಮ್ಮ ಬ್ಯಾಂಡಿನ ಹುಚ್ಚರು ಬೆಂಗಳೂರಲ್ಲೂ ಇದ್ದಾರೆ, ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಸೇರಿ ಲೈವ್ ರೆಕಾರ್ಡಿಂಗುಗಳನ್ನು ಕೇಳುತ್ತಾರೆ ಅಂತ ಅಲ್ಲಿ ಗೊತ್ತಾಯಿತು. ಹರುಕು ಮುರುಕು ಇಂಗ್ಲಿಷಿನಲ್ಲಿ ನಮ್ಮ ಕ್ಯಾಸೆಟ್ಟುಗಳ ವಿಷಯ ಬರೆದೆ. ಇಂಥ ರೆಕಾರ್ಡಿಂಗುಗಳು ಇರುವುದೇ ನಮಗೆ ಗೊತ್ತಿಲ್ಲ, ದಯವಿಟ್ಟು ತನ್ನಿ ಅಂತ ಉತ್ತರ ಬಂತು. ಅವರಲ್ಲಿ ಡಾಕ್ಟರು, ವಕೀಲರು, ಕಾಲೇಜು ಮೇಷ್ಟ್ರು ಎಲ್ಲ ಇದ್ದರು. ಅಂಥವರ ನಡುವೆ ಕೂರಲು ನನ್ನ ಹತ್ತಿರ ಬೇರೆ ಏನಿತ್ತು? ಆ ಕ್ಯಾಸೆಟ್ಟುಗಳು ಮಾತ್ರ.

ಅಣ್ಣನಿಗೆ ಎಲ್ಲವನ್ನೂ ಹೇಳಿದೆ. ಕ್ಯಾಸೆಟ್ಟುಗಳ ಕಡೆ ಒಮ್ಮೆ ನೋಡಿದರು. ಆಮೇಲೆ ತಾವೇ ಎದ್ದು, ಇದ್ದುದರಲ್ಲಿ ಒಳ್ಳೆಯದನ್ನು ಆರಿಸಿ, ಪಂಚೆಯ ಚುಂಗಿನಿಂದ ಒರೆಸಿ ಕೈಗಿಟ್ಟರು. "ತಗಂಡೋಗು. ಅವ್ರಿಗೂ ಒಸಿ ಕೇಳ್ಸು" ಅಂದರು.

ನಮ್ಮ ಅಂಗಡಿಯಲ್ಲಿ ಹಾಡಿನ ಜೊತೆ ಲಾರಿಗಳ ಸದ್ದೂ ಸೇರಿರುತ್ತಿತ್ತು. ಬೆಂಗಳೂರಿನ ಆ ಮನೆಯಲ್ಲಿ ಕಿಟಕಿ ಮುಚ್ಚಿ, ಆಳೆತ್ತರದ ಸ್ಪೀಕರುಗಳಲ್ಲಿ ಹಾಕಿದರು. ಗಿಟಾರು ಮುಗಿಯಿತು. ಚಪ್ಪಾಳೆ ಎದ್ದಿತು, ಶಿಳ್ಳೆ ಎದ್ದಿತು. ಅದರ ನಡುವಿನಿಂದ, ಯಾರೋ ಪಕ್ಕದಲ್ಲೇ ಕೂತು ಕೂಗಿದಷ್ಟು ಸ್ಪಷ್ಟವಾಗಿ ಒಂದು ದನಿ ಬಂತು:

"ಲೇ, ಕೂತ್ಕಳ್ಲಾ! ಹಿಂದಿರೋರ್ಗೆ ಕಾಣ್ಬ್ಯಾಡ್ವಾ?"

ವಕೀಲರೊಬ್ಬರು, "ಲಂಡನ್ನಿನಲ್ಲೂ ನಮ್ಮ ಕಡೆಯವರು ಇದ್ದರು ಅಂತ ಕಾಣುತ್ತೆ" ಅಂದರು. ಎಲ್ಲರೂ ಮನೆಯೇ ಬಿದ್ದುಹೋಗುವಂತೆ ನಕ್ಕರು. ಕೆಟ್ಟವರಲ್ಲ, ಮನೆಯಾಕೆ ನನಗೆ ಮತ್ತೊಂದು ಸಲ ಕಾಫಿ ಕೊಟ್ಟರು. ಆದರೆ ಕ್ಯಾಸೆಟ್ಟನ್ನು ತೆಗೆದು ಕೊಡುವಾಗ ಯಾರೂ ನನ್ನ ಮುಖ ನೋಡಲಿಲ್ಲ. ಮೋಸ ಮಾಡಲು ಬಂದವನು ಅಂದುಕೊಂಡರೋ, ಪೆದ್ದ ಅಂದುಕೊಂಡರೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಬಸ್ಸಿನಿಂದ ಇಳಿದವನು ನೆಟ್ಟಗೆ ಅಂಗಡಿಗೆ ಹೋದೆ. ಅಣ್ಣ ಯಾವುದೋ ಆಂಪ್ಲಿಫೈಯರ್ ಬಿಚ್ಚಿಕೊಂಡು ಬೆಸುಗೆ ಹಾಕುತ್ತಿದ್ದರು.

"ಅಣ್ಣ, ಲಂಡನ್ ಜನ ಕನ್ನಡ ಮಾತಾಡ್ತಾರಾ?"

ಕೈಯಲ್ಲಿದ್ದುದನ್ನು ಕೆಳಗಿಟ್ಟರು. "ಕೇಳುಸ್ಬುಡ್ತಾ?" ಅಂದರು. ಏನು ಕೇಳಿಸಿತು ಅಂತ ಕೇಳಲಿಲ್ಲ. ಅವರಿಗೆ ಗೊತ್ತಿತ್ತು.

"ಒಂದು ಕ್ಯಾಸೆಟ್ಟು ಕೊಟ್ಟಿದ್ದು ದಿಟ ಕಣ್ಲಾ. ಅದು ಸ್ಟುಡಿಯೋದ್ದು. ಆಮೇಕೆ ಅವ್ನು ಏನೂ ಕಳಿಸ್ನಿಲ್ಲ. ಅದೇ ಬ್ಯಾಂಡಿನ ಮಾಮೂಲಿ ಕ್ಯಾಸೆಟ್ಟು ಬೆಂಗಳೂರ್ನಾಗೆ ತಂದು, ಚಪ್ಪಾಳೆ ಸೇರುಸ್ತಿದ್ದೆ."

"ಯಾರ ಚಪ್ಪಾಳೆ?"

"ಶಿಳ್ಳೆ ಉಯ್ಯಂಬಳ್ಳಿ ನಾಟಕದ್ದು. ಗಲಾಟೆ ಕುದೂರಿನ ಸಭೇದು. ಚಪ್ಪಾಳೆ ನಮ್ಮ ಸ್ಕೂಲ್ ಫೀಲ್ಡಿನ ಕಬಡ್ಡೀದು."

ಆ ಕಬಡ್ಡಿಗೆ ನಾನೂ ಹೋಗಿದ್ದೆ. ಅಂಗೈ ಕೆಂಪಾಗುವಂತೆ ಚಪ್ಪಾಳೆ ತಟ್ಟಿದ್ದೆ. ಆಮೇಲೆ ಭಾನುವಾರ ಬಂದು, ಅದೇ ಚಪ್ಪಾಳೆಯನ್ನು ಕೇಳಿ ಲಂಡನ್ ಜನ ಅಂತ ರೋಮಾಂಚನಗೊಂಡಿದ್ದೆ. ನನಗೆ ಟೋಪಿ ಹಾಕಲು ನನ್ನ ಕೈಯನ್ನೇ ಬಳಸಿದ್ದರು ಈ ಮಹಾನುಭಾವರು.

"ಯಾಕಣ್ಣ?" ಅಂದೆ.

"ನೀನು ಬಂದಾಗೆಲ್ಲ ಹೊಸದೇನಣ್ಣ, ಹೊಸದೇನಣ್ಣ ಅಂತಿದ್ದೆ. ಇಲ್ಲ ಅನ್ನಾಕೆ ಬಾಯಿ ಬರ್ನಿಲ್ಲ."

"ಸರಿ. ನನಗೆ ಸುಳ್ಳು ಹೇಳಿದ್ರಿ. ಗೊತ್ತಿದ್ದೂ ಅಲ್ಲಿಗೆ ಯಾಕೆ ಕಳಿಸಿದ್ರಿ?"

ತಲೆ ತಗ್ಗಿಸಿದರು. ಆದರೂ ಆ ಮಾತಿನಲ್ಲಿ ಒಂದು ಹೆಮ್ಮೆಯ ಎಳೆಯಿತ್ತು, ನನ್ನ ಹೊಟ್ಟೆ ಉರಿಸಿದ್ದೇ ಅದು. "ಅವ್ರೂ ನಂಬ್ತಾರೆ ಅಂದ್ಕಂಡೆ ಕಣ್ಲಾ" ಅಂದರು.

ನನ್ನ ಮಾನಕ್ಕಿಂತ ತಮ್ಮ ಕೈಚಳಕದ ಪರೀಕ್ಷೆ ಅವರಿಗೆ ದೊಡ್ಡದಾಗಿತ್ತು. ಕ್ಯಾಸೆಟ್ಟನ್ನು ಮೇಜಿನ ಮೇಲಿಟ್ಟು ಎದ್ದೆ. "ಬಾರ್ಲಾ, ಟೀ ಕುಡ್ದು ಹೋಗೀವಂತೆ" ಅಂದರು. ತಿರುಗಿ ನೋಡಲಿಲ್ಲ. ಮಾರನೆಯ ದಿನದಿಂದ ಬಸ್ಸಿಗೆ ಹಿಂದಿನ ಸ್ಟಾಪಿನಲ್ಲೇ ಹತ್ತತೊಡಗಿದೆ.

ಕೆಲವು ವರ್ಷಗಳ ಮೇಲೆ, ಲಿವರ್ ಹೋಗಿ ಅವರು ತೀರಿಕೊಂಡರು ಅಂತ ಕಂಪನಿ ಬಸ್ಸಿನ ಡ್ರೈವರ್ ಹೇಳಿದ. ಹೋದೆ, ಹಾರ ಹಾಕಿದೆ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅನ್ನುತ್ತಾರೆ. ಹೇಳುವುದು ಸುಲಭ. ಅವರ ಹೆಂಡತಿ ನನ್ನನ್ನು ನೋಡಿ, "ಭಾನುವಾರ ಬಂದ್ರೆ ನೀನು ಬತ್ತೀಯ ಅಂತ ಬಾಗ್ಲು ಕಡೆ ನೋಡೋರು ಕಣಪ್ಪ" ಅಂದರು.

ಆ ವರ್ಷವೇ ನಮ್ಮ ಬ್ಯಾಂಡಿನ ಗಿಟಾರಿನವನು ಬೆಂಗಳೂರಿಗೆ ಬಂದ. ಮುದುಕನಾಗಿದ್ದ, ಆದರೆ ಅದೇ ಗಿಟಾರು, ಅದೇ ಹಾಡು. ಟಿಕೆಟ್ಟು ತೆಗೆದು ಹೋಗಿ ಮೈದಾನದ ನಡುವೆ ನಿಂತೆ. ಹಾಡು ಮುಗಿಯಿತು. ಸುತ್ತಲೂ ನಿಜವಾದ ಜನ, ನಿಜವಾದ ಕೈಗಳು, ನಿಜವಾದ ಚಪ್ಪಾಳೆ. ಕಣ್ಣು ಮುಚ್ಚಿ ಕೇಳಿದೆ. ಏನೋ ಸಪ್ಪೆ ಅನ್ನಿಸಿತು. ಮತ್ತೊಂದು ಹಾಡು ಮುಗಿಯುವವರೆಗೆ ಕಾದು ಮತ್ತೆ ಕೇಳಿದೆ. ಅನುಮಾನವೇ ಉಳಿಯಲಿಲ್ಲ. ಅಣ್ಣ ಮಾಡಿದ್ದೇ ಚೆನ್ನಾಗಿತ್ತು. ಸುಳ್ಳು ಹೇಳಿದ್ದನ್ನು ಇಷ್ಟರಲ್ಲಿ ಕ್ಷಮಿಸಿಬಿಡುತ್ತಿದ್ದೆನೇನೋ, ಇದನ್ನು ಮಾತ್ರ ಕ್ಷಮಿಸಲು ನನ್ನಿಂದ ಆಗಿಲ್ಲ.