ಕುರಿ ಪಾಲಾದ ವರ್ಷದ ಸೆಂಟ್ರೋಸೋಮ್ ಆಟ

ಚಡ್ಡಿಯಿಂದ ಪ್ಯಾಂಟಿಗೆ ಬಡ್ತಿ ಪಡೆದ ದಿನಗಳವು. ಹಸಿ ಜೋಳದ ತೆನೆ ಸುಟ್ಟು ಸೀತನಿ ತಿನ್ನುವ ಚಳಿಗಾಲ. ಆ ಸಿಹಿ ಹೊಗೆ ತಡವಳ ಊರಿನ ನಮ್ಮ ಶಾಲೆಯ ಕಿಟಕಿಯಿಂದ ಒಳಗೆ ಬರುತ್ತಿತ್ತು. ಪಾಠ ಅದೇ ಕಿಟಕಿಯಿಂದ ಹೊರಗೆ ಹೋಗುತ್ತಿತ್ತು. ನನಗೆ ಓದು ಹತ್ತುತ್ತಿರಲಿಲ್ಲ, ದನಿ ಹತ್ತುತ್ತಿತ್ತು. ಹೆಡ್‌ಮಾಸ್ತರರ ಕೆಮ್ಮು, ಅಕ್ಕಲಕೋಟೆ ಬಸ್ಸಿನ ಗೇರು, ಎಲ್ಲವನ್ನೂ ಬಾಯಲ್ಲಿ ಹಾಗೇ ತೆಗೆಯುತ್ತಿದ್ದೆ. ಸ್ವಂತ ದನಿ ಮಾತ್ರ ಒಡೆದ ಪುಂಗಿ.

ಕಾಕಾನ ಮಗ ಬೀರ್ಯಾ ಆ ವಾರ ಮುಖ ಗಂಟಿಕ್ಕಿಕೊಂಡಿದ್ದ. ಐತವಾರ ಅಪ್ಪ, ಕಾಕಾ ಕುರಿ ಪಾಲು ಮಾಡಿಕೊಳ್ಳುವವರಿದ್ದರು. ಪಾಲಾದರೆ ಕಾಕಾನ ಸಂಸಾರ ವಳಸಂಗದ ಊರಿಗೆ, ಜತೆಗೆ ಬೀರ್ಯಾ.

ಅಷ್ಟರಲ್ಲಿ ವಿಜ್ಞಾನದ ಗುರೂಜಿ ಜೀವಕೋಶ ಎರಡಾಗುವುದನ್ನು ಬಯಲಲ್ಲಿ ಆಡಿಸಿದರು. ನಾವಿಬ್ಬರೂ ಸೆಂಟ್ರೋಸೋಮ್. ಮೊದಲು ಬೆನ್ನಿಗೆ ಬೆನ್ನು ಹಚ್ಚಿ ನಿಂತು, ಆಮೇಲೆ ಒಬ್ಬೊಬ್ಬರು ಒಂದೊಂದು ತುದಿಗೆ ಸರಿಯಬೇಕು. ನಡುವೆ ಜೋಡಿಜೋಡಿಯಾಗಿ ಕೈ ಹಿಡಿದ ಹುಡುಗರು ವರ್ಣತಂತುಗಳು. ಅವರತ್ತ ನಾವು ಉಣ್ಣೆಯ ಹಗ್ಗ ಎಸೆಯಬೇಕು.

“ಪ್ರತಿ ಜೋಡಿಗೂ ಎರಡೂ ಕಡಿಂದ ಹಗ್ಗ ಸಿಗೂತನಕ ಯಾರೂ ಜಗ್ಗಬ್ಯಾಡ್ರಿ. ಸೀಟಿ ಹೊಡೀತೀನಿ, ಆಗ ಕೈ ಬಿಡ್ರಿ. ಒಬ್ಬಾಂವ ಆಕಡೆ, ಒಬ್ಬಾಂವ ಈಕಡೆ.”

“ಗುರೂಜಿ, ಜ್ವಾಳದಾಗೂ ಹಿಂಗ ಇಬ್ಬರು ನಿಂತಿರ್ತಾರೇನ್ರಿ?” ನಾನು ಕೇಳಿದೆ.

“ಇಲ್ಲೋ. ಜ್ವಾಳ ಸೆಂಟ್ರೋಸೋಮ್ ಇಲ್ದನ ನಡಸ್ತದ. ಕುರೀಗಿ ಅದ, ನಿನಗೂ ಅದ.”

“ನನಕಿಂತ ಕುರೀನ ಮೊದಲ ಅಂದ್ರಲ್ರಿ!”

ಬೀರ್ಯಾನ ಹಗ್ಗ ಇನ್ನೂ ಗಾಳಿಯಲ್ಲಿತ್ತು. ನಾನು ಗುರೂಜಿಯ ಸೀಟಿಯನ್ನು ಬಾಯಲ್ಲೇ ಹೊಡೆದು ಜಗ್ಗಿಬಿಟ್ಟೆ. ಜೋಡಿಗಳು, ಕೈ ಬಿಡುವ ಮೊದಲೇ, ಇಡಿಯಾಗಿ ನನ್ನ ಮೇಲೆ ಬಿದ್ದವು.

“ನೋಡ್ರಿ,” ಗುರೂಜಿ ನನ್ನ ಕಿವಿ ಹಿಂಡಿದರು, “ಇಂಥಾ ಮಂಗ್ಯಾ ಸೆಂಟ್ರೋಸೋಮ್ ಇದ್ರ ಒಂದು ಕೋಶ ವರ್ಣತಂತು ಹೆಚ್ಚಾಗಿ ಕೆಡ್ತದ, ಇನ್ನೊಂದು ಕಡಿಮಿ ಆಗಿ ಕೆಡ್ತದ.”

ಎಲ್ಲರೂ ನಕ್ಕರು. ಬೀರ್ಯಾ ಮಾತ್ರ ನನ್ನ ಪಕ್ಕಕ್ಕೆ ಬಂದು ಪಿಸುಗುಟ್ಟಿದ: “ಮಾಳ್ಯಾ, ಐತವಾರನೂ ಹಿಂಗ ಕೆಡಸಾಕ ಬರ್ತದೇನಲೇ?”

ನಮ್ಮ ಮನೆತನದಲ್ಲಿ ಕುರಿಯನ್ನು ಎಣಿಸಿ ಹಂಚುವುದಿಲ್ಲ. ಕುಲದೇವರು ಬೀರೋಬಾನಿಗೆ ಭಂಡಾರದ ಅರಿಶಿನ ಹಾರಿಸಿ, ಅಣ್ಣ ತಮ್ಮ ಹೊಲದ ಎರಡು ತುದಿಗೆ ನಿಂತು ಕರೆಯುತ್ತಾರೆ. ಯಾರ ದನಿಗೆ ಹೋಯಿತೋ ಆ ಕುರಿ ಅವರದು. ಐತವಾರ ಅಪ್ಪ “ಹೋಯ್ ಹರ್ರ್” ಎಂದ, ಕಾಕಾ ಮೂಗಿನಿಂದ “ಟೀ ಟೀ ಬಾ” ಎಂದ. ಹಿಂಡು ಸೀಳತೊಡಗಿತು. ನಾನು ಅಪ್ಪನ ಹಿಂದಿನ ಬೇಲಿಯಿಂದ ಕಾಕಾನ ದನಿ ತೆಗೆದೆ. ಆ ತುದಿಯಿಂದ ಬೀರ್ಯಾ, ನಾನು ಕಲಿಸಿದಂತೆ, ಅಪ್ಪನ ಕರೆ ಕೊಟ್ಟ. ಗಂಟಲು ಕಟ್ಟಿದ ಟಗರಿನಂತಿತ್ತು, ಆದರೂ ನಡೆಯಿತು. ಕುರಿಗಳು ಅತ್ತ ಇತ್ತ ನೋಡಿ, ನಟ್ಟನಡುವೆ ಒಟ್ಟಾಗಿ ನಿಂತು ಮೆಲುಕು ಹಾಕಿದವು.

ಕಾಕಾ ಹೊಟ್ಟೆ ಹಿಡಿದು ನಕ್ಕ. “ಯಣ್ಣಾ, ನಿನ್ನ ಮಗ ನನಕಿಂತ ಚಲೋ ನಾನಾಗ್ಯಾನ!” ಅಪ್ಪ ಮಾತ್ರ ಚಪ್ಪಲಿ ಕೈಗೆತ್ತಿಕೊಂಡ.

ನಾವು ಗಳಿಸಿದ್ದು ಒಂದೇ ವಾರ. ಮುಂದಿನ ಐತವಾರ ನಮ್ಮಿಬ್ಬರನ್ನು ಕೋಣೆಯಲ್ಲಿ ಕೂಡಿಹಾಕಿ ಕರೆದರು. ಹಿಂಡು ನೆಟ್ಟಗೆ ಎರಡಾಯಿತು.

ಈಗ ನಾನು ಸೊಲ್ಲಾಪುರದ ಮದುವೆಗಳಲ್ಲಿ ಮಿಮಿಕ್ರಿ ಮಾಡುತ್ತೇನೆ. ಸೀತನಿ ಧಾಬಾದಲ್ಲಿ ಪ್ಲೇಟಿನ ಲೆಕ್ಕದಲ್ಲಿ ಸಿಗುತ್ತದೆ. ಕಾಕಾ ಇಲ್ಲ, ಅವನ ದನಿ ನನ್ನ ಮೂಗಿನಲ್ಲಷ್ಟೇ ಉಳಿದಿದೆ. ಎರಡೂ ಹಿಂಡು ಕರಗಿ ಅಂಗಳದಲ್ಲಿ ಬೈಕು ನಿಂತಿವೆ. ಮೊನ್ನೆ ವಳಸಂಗದ ಬಸ್‌ಸ್ಟ್ಯಾಂಡಿನಲ್ಲಿ ಬೀರ್ಯಾನ ಬೆನ್ನು ಕಂಡಿತು. “ಟೀ ಟೀ ಬಾ” ಎಂದೆ. ಅವನು ತಿರುಗಲಿಲ್ಲ, ಗಕ್ಕನೆ ನಿಂತ. ನಿಂತಲ್ಲಿಂದಲೇ, ಅದೇ ಟಗರಿನ ಗಂಟಲಲ್ಲಿ, ಅಪ್ಪನ ಕರೆ ಕೊಟ್ಟ. ಸ್ಟ್ಯಾಂಡಿನ ಮಂದಿಯೆಲ್ಲ ಅತ್ತ ಇತ್ತ ನೋಡಿದರು. ನಡುವೆ ಬಂದು ನಿಲ್ಲಲು ಒಂದು ಕುರಿಯೂ ಇರಲಿಲ್ಲ.